ಆರು ಕೋಳಿಗೆ ಮೂರು ತಿಂಗಳ ವಿಚಾರ

ಬಸ್ಸಿನಲ್ಲಿ ಕೋಳಿಗೂ ಟಿಕೆಟ್ ಹರಿಯಬೇಕಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಶಿರಸಿ–ಸಿದ್ದಾಪುರ ಮತ್ತು ಶಿರಸಿ–ಯಲ್ಲಾಪುರ ದಾರಿಯಲ್ಲಿ 29 ವರ್ಷ ಕಂಡಕ್ಟರ್ ಆಗಿದ್ದ ನಾನು ಅಂಥ ಟಿಕೆಟ್ಟು ಎಷ್ಟು ಹರಿದೆನೋ ಲೆಕ್ಕವಿಲ್ಲ. ಕೆಲವರು ಕೋಳಿಯನ್ನು ಚೀಲದಲ್ಲಿಟ್ಟು ಮೇಲೆ ಬಸಳೆ ಸೊಪ್ಪು ಮುಚ್ಚಿ, ‘ಬರೀ ಸೊಪ್ಪು ಮಾರಾಯ್ರೆ’ ಎನ್ನುವರು. ಕಾನಸೂರು ದಾಟುವ ಹೊತ್ತಿಗೆ ಸೊಪ್ಪು ‘ಕೊಕ್’ ಎನ್ನುವುದು. ಇಡೀ ಬಸ್ಸು ನಗುವುದು. ಸೊಪ್ಪಿನ ಒಡತಿಯೂ ನಗುತ್ತ ಸೆರಗಿನ ಗಂಟು ಬಿಚ್ಚುವಳು.

ಆ ದಾರಿಗಳಲ್ಲಿ ಕೋಳಿಗಳ ಬಗ್ಗೆ ನಾನು ಕೇಳಿದ ಮಾತು ಒಂದೆರಡಲ್ಲ. ಯಾವ ಕೋಳಿ ಕಾವಿಗೆ ಕೂರುತ್ತದೆ, ಯಾವುದು ಅಂಗಳ ಬಿಟ್ಟು ಕದಲುವುದಿಲ್ಲ, ಯಾವುದಕ್ಕೆ ಮಳೆ ಆಗಿ ಬರುವುದಿಲ್ಲ, ಇವೆಲ್ಲ ಸೀಟಿನಿಂದ ಸೀಟಿಗೆ ಹಾದುಹೋಗುವ ವಿದ್ಯೆ. ಮಂಚಿಕೇರಿಯಲ್ಲಿ ಹತ್ತುತ್ತಿದ್ದ ಒಬ್ಬ ಸಿದ್ದಿ ಅಜ್ಜಿ ನನಗೆ ಹೇಳಿದ ಒಂದು ಮಾತು ಮಾತ್ರ ಚೆನ್ನಾಗಿ ನೆನಪಿದೆ: ‘ತಮ್ಮಾ, ಕಾಡಿನ ಬದಿಗೆ ಬೆಳ್ಳಗಿನ ಕೋಳಿ ಸಾಕಬೇಡ. ಹದ್ದಿಗೆ ದೀಪ ಹಚ್ಚಿಟ್ಟ ಹಾಗೆ ಆಗ್ತದೆ.’ ಆಗ ನನಗೆ ಕೋಳಿ ಸಾಕುವ ಯೋಚನೆಯೇ ಇರಲಿಲ್ಲ. ಟಿಕೆಟ್ ಹರಿದು ಮುಂದಿನ ಸೀಟಿಗೆ ಹೋದೆ.

ಯೋಚನೆ ಬಂದದ್ದು ನಿವೃತ್ತಿಯಾದ ಮೇಲೆ, ಅದೂ ನನಗಲ್ಲ, ಐದನೇ ತರಗತಿಯ ಮೊಮ್ಮಗಳಿಗೆ. ಶಾಲೆಯಲ್ಲಿ ಈಗ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡುತ್ತಾರಲ್ಲ, ಬೇಡವೆಂದವರಿಗೆ ಬಾಳೆಹಣ್ಣು. ಅವಳು ಮೊಟ್ಟೆಯ ಪಂಕ್ತಿಯವಳು. ‘ಅಜ್ಜಾ, ನಮ್ಮ ಹಿತ್ತಲಲ್ಲೇ ಮೊಟ್ಟೆ ಆಗಬಹುದಲ್ಲ?’ ಎಂದಳು. ಶಿರಸಿ ಪೇಟೆಯೊಳಗಿನ ಮನೆ ನಮ್ಮದು. ಹಿತ್ತಲೆಂದರೆ ಬಾವಿಕಟ್ಟೆ, ಎರಡು ತೆಂಗು, ಒಂದು ನುಗ್ಗೆ, ಬಟ್ಟೆ ಒಣಗಿಸುವ ತಂತಿ, ಅದರಾಚೆ ಇಪ್ಪತ್ತಕ್ಕೆ ಮೂವತ್ತು ಅಡಿಯ ಖಾಲಿ ಜಾಗ. ಆರು ಕೋಳಿಗೆ ಧಾರಾಳ, ಹತ್ತಕ್ಕೆ ಇಕ್ಕಟ್ಟು. ಆರೇ ಎಂದು ಅಂದೇ ತೀರ್ಮಾನವಾಯಿತು. ಯಾವ ಆರು ಎಂಬುದಕ್ಕೆ ಮೂರು ತಿಂಗಳು ಹಿಡಿಯಿತು.

ಯಾಕೆಂದರೆ ಮನೆಯಲ್ಲಿ ಪ್ರತಿಯೊಬ್ಬರ ತಲೆಯಲ್ಲೂ ಬೇರೆ ಬೇರೆ ಕೋಳಿ ಇತ್ತು. ಮೊಮ್ಮಗನಿಗೆ ಮೊಬೈಲಿನಲ್ಲಿ ನೋಡಿದ ಕಪ್ಪು ಕಡಕ್‌ನಾಥ್ ಬೇಕು. ಮಗನಿಗೆ ಲೆಕ್ಕಾಚಾರದ ಬುದ್ಧಿ, ಹೆಚ್ಚು ಮೊಟ್ಟೆಯ ಬಿಳಿ ಕೋಳಿಯೇ ಸರಿ ಎಂದ. ನನ್ನ ಹೆಂಡತಿ ಸಿದ್ದಾಪುರದ ಹಳ್ಳಿಯವಳು. ಅವಳ ಪ್ರಕಾರ ನಾಟಿಕೋಳಿ ಬಿಟ್ಟು ಉಳಿದದ್ದು ಕೋಳಿಯೇ ಅಲ್ಲ. ಸೊಸೆಯದು ಒಂದೇ ಷರತ್ತು: ಯಾವುದಾದರೂ ತನ್ನಿ, ಬಟ್ಟೆಯ ತಂತಿಯ ಮೇಲೆ ಹಾರಿ ಕೂರುವುದು ಬೇಡ.

ಇದೆಲ್ಲಕ್ಕಿಂತ ಮೊದಲು ಪಕ್ಕದ ಮನೆಗೆ ಹೋಗಿ ಕೇಳಬೇಕಿತ್ತು. ಅವರು ಹವ್ಯಕರು. ಮೊಟ್ಟೆ ಮುಟ್ಟದ ಮನೆ. ನಮಗೂ ಅವರಿಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ ಮಾತ್ರ. ಮೂವತ್ತು ವರ್ಷದ ಒಡನಾಟ. ಅವರ ಮನೆಯ ಮಾವಿನಮಿಡಿ ಉಪ್ಪಿನಕಾಯಿ ನಮ್ಮ ಭರಣಿಯಲ್ಲಿ, ನಮ್ಮ ತೆಂಗಿನಕಾಯಿ ಅವರ ಅಡುಗೆಮನೆಯಲ್ಲಿ. ಆರು ಕೋಳಿಗಾಗಿ ಅದನ್ನು ಕೆಡಿಸಿಕೊಳ್ಳುವುದಕ್ಕೆ ನಾನು ತಯಾರಿರಲಿಲ್ಲ. ಹಿರಿಯರಿಗೆ ವಿಷಯ ಹೇಳಿದೆ. ಅವರು ಕವಳದ ಬಟ್ಟಲು ಮುಂದೆ ಸರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅಡ್ಡಿಲ್ಲೆ ಕಂಡಕ್ಟರ್ರೇ, ನಿಮ್ಮ ಹಿತ್ತಲು ನಿಮ್ಮದು. ಮೂರು ಮಾತು ಹೇಳ್ತೆ. ನಮ್ಮ ತುಳಸಿಕಟ್ಟೆಯ ಬುಡ ಕೆದರೂಕಾಗ. ವಾಸನೆ ಬರೂಕಾಗ. ಬೆಳಗಿನ ಜಾವ ನಾಲ್ಕು ಗಂಟೆಗೆ ಹುಂಜ ಕೂಗೂಕಾಗ’ ಎಂದರು.

ಕೋಳಿ ಆರಿಸಲು ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಗೋಡೆ ಹಾರದ ಜಾತಿ, ಗೂಡು ಒಣಗಿರಬೇಕು, ಹುಂಜ ಬೇಡ. ಹುಂಜವಿಲ್ಲದೆ ಮೊಟ್ಟೆ ಹೇಗೆ ಎಂದು ಮೊಮ್ಮಗ ಕೇಳಿದ. ಮಕ್ಕಳೇ, ನಿಮಗೂ ಈ ಸಂಶಯ ಇರಬಹುದು. ಹೇಂಟೆ ಮೊಟ್ಟೆಯಿಡಲು ಹುಂಜ ಬೇಕಿಲ್ಲ. ಆ ಮೊಟ್ಟೆಯಿಂದ ಮರಿಯಾಗಬೇಕಾದರೆ ಮಾತ್ರ ಬೇಕು.

ಮುಂದಿನದು ಲೆಕ್ಕ. ನಮ್ಮ ಮನೆಗೆ ದಿನಕ್ಕೆ ಮೂರು ಮೊಟ್ಟೆ ಸಾಕು. ವರ್ಷಕ್ಕೆ 1,095. ಮೊಮ್ಮಗಳು ಹಾಳೆ ತೆಗೆದುಕೊಂಡು ಕೂತಳು. ನಾಟಿಕೋಳಿ ವರ್ಷಕ್ಕೆ ಸುಮಾರು 60 ಮೊಟ್ಟೆ ಇಡುತ್ತದೆ ಎಂದರೆ 18 ಕೋಳಿ ಬೇಕು. ಫಾರಂನ ಬಿಳಿ ಕೋಳಿ ಸುಮಾರು 300 ಇಡುತ್ತದೆ, ನಾಲ್ಕು ಸಾಕು. ನಡುವಿನ ಸುಧಾರಿತ ತಳಿಗಳು 150ರಿಂದ 180, ಆರೇಳು ಕೋಳಿ. ಮಗ ತಾನೇ ಗೆದ್ದವನಂತೆ ನಕ್ಕ. ಹೆಂಡತಿ ಒಳಗಿನಿಂದಲೇ, ‘ಲೆಕ್ಕದಲ್ಲಿ ಮೊಟ್ಟೆ ಮಾತ್ರ ಬಂತು. ಮಳೆ ಬರಲಿಲ್ಲ, ಮುಂಗುಸಿ ಬರಲಿಲ್ಲ’ ಎಂದಳು.

ನಾಟಿಕೋಳಿಯ 60 ಮೊಟ್ಟೆಯ ಹಿಂದೆ ಒಂದು ವೇಳಾಪಟ್ಟಿ ಇದೆ. ಅದು ಹನ್ನೆರಡರಿಂದ ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಗೂಡು ಬಿಡುವುದು ತೀರ ಕಡಿಮೆ, ಒಂದಿಷ್ಟು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಾಡಿ ಮತ್ತೆ ಓಡಿ ಬಂದು ಕೂರುವುದು. ಮರಿಯಾದ ಮೇಲೆ ಎರಡು ಮೂರು ತಿಂಗಳು ಅವುಗಳ ಹಿಂದೆ ಮುಂದೆ. ಆಮೇಲೆ ಮತ್ತೆ ಮೊಟ್ಟೆ. ಹೀಗೆ ವರ್ಷಕ್ಕೆ ಮೂರು ನಾಲ್ಕು ಸುತ್ತು. ಅಂದರೆ ನಾಟಿಕೋಳಿ ಸೋಮಾರಿಯಲ್ಲ, ಅದಕ್ಕೆ ಬೇರೆ ಕೆಲಸವಿದೆ. ಮೊಟ್ಟೆಯೂ ಚಿಕ್ಕದು, 40 ಗ್ರಾಂ ತೂಗಿದರೆ ಹೆಚ್ಚು. ಫಾರಂ ಮೊಟ್ಟೆ 55 ಗ್ರಾಂ ಸುಮಾರಿಗೆ ಇರುತ್ತದೆ. ಆದರೆ ನಾಟಿಕೋಳಿಯ ಮೈಬಣ್ಣ ದರಕಿನ ನಡುವೆ ಕಾಣುವುದೇ ಇಲ್ಲ. ಹದ್ದಿನ ನೆರಳು ಬಿದ್ದರೆ ಗಂಟಲಲ್ಲೇ ಒಂದು ಸದ್ದು ಮಾಡುತ್ತದೆ, ಮರಿಗಳೆಲ್ಲ ಎಲೆಯಡಿ ಮಾಯ. ಅದು ಹಾರುವುದೂ ನಿಜ. ರಾತ್ರಿ ಹಲಸಿನ ಮರದ ಕೊಂಬೆ ಹತ್ತುವ ಕೋಳಿಗೆ ಎದೆಮಟ್ಟದ ಗೋಡೆ ಏನು ಮಹಾ?

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬೆಳಗಿನ ಮೊದಲ ಬಸ್ಸಿನಲ್ಲಿ ಯಲ್ಲಾಪುರದ ದಾರಿ ಹಿಡಿದರೆ ರಸ್ತೆಯಂಚಿನಲ್ಲಿ ಕಾಡುಕೋಳಿ ಕಾಣುತ್ತಿತ್ತು. ಡ್ರೈವರ್ ಬೇಕೆಂದೇ ವೇಗ ತಗ್ಗಿಸುತ್ತಿದ್ದ. ಬೂದು ಬಣ್ಣದ ಹುಂಜ, ಕತ್ತಿನ ಗರಿಗಳ ಮೇಲೆ ಮೇಣದ ಹನಿ ಬಿದ್ದಂಥ ಹಳದಿ–ಬಿಳಿ ಚುಕ್ಕೆ. ಕೂಗು ಊರ ಹುಂಜದಂತಲ್ಲ, ಒಡೆದ ಗಂಟಲಿನದು. ಈ ಬೂದು ಕಾಡುಕೋಳಿ ಭಾರತದಲ್ಲಿ ಬಿಟ್ಟರೆ ಜಗತ್ತಿನ ಬೇರೆ ಕಾಡಿನಲ್ಲಿಲ್ಲ. ಸಾಕುಕೋಳಿಗಳೆಲ್ಲ ಆಗ್ನೇಯ ಏಷ್ಯಾ ಕಡೆಯ ಕೆಂಪು ಕಾಡುಕೋಳಿಯೊಂದರಿಂದಲೇ ಬಂದವೆಂದು ಡಾರ್ವಿನ್ ನಂಬಿದ್ದ. ಬಹುಪಾಲು ಅದು ಸರಿ. ಆದರೆ 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು ಕೋಳಿಯ ಹಳದಿ ಕಾಲಿನ ಮೂಲ ಹುಡುಕಿದಾಗ, ಆ ಗುಣ ಬೂದು ಕಾಡುಕೋಳಿಯಿಂದ ಬಂದದ್ದೆಂದು ಗೊತ್ತಾಯಿತು. ಅಂದರೆ ಅಮೆರಿಕದ ಫಾರಂನಲ್ಲಿರುವ ಕೋಳಿಯ ಹಳದಿ ಕಾಲಿನಲ್ಲೂ ನಮ್ಮ ಕಾಡಿನ ಕೋಳಿಯ ವಂಶದ ಗುರುತಿದೆ. ಇದನ್ನು ಓದಿದ ದಿನ ಮೊಮ್ಮಗಳು ಪೇಟೆಯ ಕೋಳಿಗಳ ಕಾಲನ್ನೆಲ್ಲ ನೋಡಿಕೊಂಡು ಬಂದಳು. (ಕಾಡುಕೋಳಿಯನ್ನು ಹಿಡಿಯುವುದು, ಸಾಕುವುದು ಕಾನೂನಿಗೆ ವಿರುದ್ಧ. ಮೊಮ್ಮಗ ಕೇಳಿದ್ದಕ್ಕೆ ಹೇಳುತ್ತಿದ್ದೇನೆ.)

ಇನ್ನು ಮಗನ ಬಿಳಿ ಕೋಳಿ. ಇದು ವೈಟ್ ಲೆಗ್‌ಹಾರ್ನ್. ಇಟಲಿಯ ಲಿವೋರ್ನೊ ಬಂದರಿನ ಹೆಸರನ್ನು ಇಂಗ್ಲಿಷರು ಲೆಗ್‌ಹಾರ್ನ್ ಎಂದು ಕರೆದರು, ಅದೇ ಕೋಳಿಗೂ ಅಂಟಿತು. ಅಂಗಡಿಯ ಬಿಳಿ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಇದರ ವಂಶದ್ದೇ. ಮೈ ಹಗುರ, ದಿನಕ್ಕೆ 100 ಗ್ರಾಂ ಸುಮಾರು ತಿಂದು ಮೊಟ್ಟೆ ಕೊಡುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಕಾವಿಗೆ ಕೂರುವ ಬುದ್ಧಿಯನ್ನೇ ತಲೆಮಾರುಗಳ ಆಯ್ಕೆಯಲ್ಲಿ ತೆಗೆದುಹಾಕಿದ್ದಾರೆ. ಆದರೆ ಆ 300 ಮೊಟ್ಟೆ ಬರುವುದು ಅಳೆದು ಕೊಟ್ಟ ಆಹಾರ ಮತ್ತು ದಿನಕ್ಕೆ 16 ಗಂಟೆ ಬೆಳಕು ಇದ್ದಲ್ಲಿ. ನಮ್ಮೂರಲ್ಲಿ ಅತಿ ಉದ್ದದ ಹಗಲು ಕೂಡ 13 ಗಂಟೆಯಷ್ಟೆ, ಚಳಿಗಾಲದಲ್ಲಿ ಹನ್ನೊಂದೂಕಾಲು. ಜೊತೆಗೆ ಅದು ಬೆದರು ಕೋಳಿ. ಕುಕ್ಕರ್ ಸೀಟಿ ಹೊಡೆದರೂ ಗೋಡೆ ಹಾರುವಂಥದು, ಹಾರಿದರೆ ತುಳಸಿಕಟ್ಟೆಯ ಬುಡಕ್ಕೆ. ಮೈಯೋ ಮಂಚಿಕೇರಿಯ ಅಜ್ಜಿ ಹೇಳಿದ ದೀಪದ ಬಣ್ಣ. ಮಗ ಇಷ್ಟು ಕೇಳಿ ತನ್ನ ಅರ್ಜಿ ವಾಪಸ್ ತೆಗೆದುಕೊಂಡ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದು, ಭಿಲ್ಲ ಜನರು ಸಾಕಿ ಉಳಿಸಿದ ತಳಿ. 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗರಿ, ಚರ್ಮ, ಮಾಂಸ, ಎಲುಬಿನವರೆಗೂ ಕಪ್ಪು. ‘ಮೊಟ್ಟೆಯೂ ಕಪ್ಪಾ?’ ಎಂದು ಮೊಮ್ಮಗ ಆಸೆಯಿಂದ ಕೇಳಿದ. ಅಲ್ಲ, ಸಾಧಾರಣ ಕೆನೆಬಣ್ಣ. ವರ್ಷಕ್ಕೆ ನೂರರ ಒಳಗೆ. ಮರಿಯ ಬೆಲೆ ಕೇಳಿದಾಗ ಮೊಮ್ಮಗನೇ, ‘ಅಜ್ಜಾ, ಫೋಟೋ ಸಾಕು’ ಎಂದ.

ಕೊನೆಗೆ ಉಳಿದದ್ದು ಹಿತ್ತಲಿಗೆಂದೇ ವಿಜ್ಞಾನಿಗಳು ಕಟ್ಟಿದ ತಳಿಗಳು. ಇದರಲ್ಲಿ ನಮ್ಮ ರಾಜ್ಯಕ್ಕೆ ಹೆಮ್ಮೆಯ ಜಾಗವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೋಳಿ ವಿಜ್ಞಾನ ವಿಭಾಗದವರು ಹೆಬ್ಬಾಳದಲ್ಲಿ ಗಿರಿರಾಜ ತಳಿಯನ್ನು ತಂದರು. ಹಳೆಯ ಓದುಗರಿಗೆ ಆ ಹೆಸರು ಮಾಡಿದ ಸದ್ದು ನೆನಪಿರಬಹುದು. ನನ್ನ ಬಸ್ಸಿನಲ್ಲೂ ಒಂದು ಕಾಲಕ್ಕೆ ರಟ್ಟಿನ ಪೆಟ್ಟಿಗೆಗಳಲ್ಲಿ ಚಿಂವ್ ಚಿಂವ್ ಎನ್ನುತ್ತ ಗಿರಿರಾಜನ ಮರಿಗಳೇ ಬರುತ್ತಿದ್ದವು. ದೊಡ್ಡ ಮೈ, ಬಗೆಬಗೆಯ ಬಣ್ಣ, ವರ್ಷಕ್ಕೆ 130ರಿಂದ 150 ಮೊಟ್ಟೆ. ಅದೇ ವಿಭಾಗದಿಂದ 2005ರಲ್ಲಿ ಬಂದದ್ದು ಸ್ವರ್ಣಧಾರಾ. ಗಿರಿರಾಜನಿಗಿಂತ ಮೈ ಸ್ವಲ್ಪ ಹಗುರ, ಮೊಟ್ಟೆ ವರ್ಷಕ್ಕೆ ಹದಿನೈದು ಇಪ್ಪತ್ತು ಹೆಚ್ಚು. ಬೆಂಗಳೂರು ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯ ತಳಿಗೆ ಕಾವೇರಿ ಎಂದು ಹೆಸರು. ಹೈದರಾಬಾದಿನ ರಾಜೇಂದ್ರನಗರದ ಸಂಶೋಧನಾಲಯದಿಂದ ವನರಾಜ, ಗ್ರಾಮಪ್ರಿಯ. ವನರಾಜ ಮೊಟ್ಟೆ–ಮಾಂಸ ಎರಡಕ್ಕೂ, ಗ್ರಾಮಪ್ರಿಯ ಮುಖ್ಯವಾಗಿ ಮೊಟ್ಟೆಗೆ. ಈ ಎಲ್ಲ ತಳಿಗಳ ಮೈಬಣ್ಣ ಕಂದು, ಕೆಂಪು, ಕಪ್ಪು ಕಲಸಿದಂತಿರುವುದು ಚಂದಕ್ಕಲ್ಲ, ಬಯಲಲ್ಲಿ ಮೇಯುವ ಕೋಳಿ ಹದ್ದಿನ ಕಣ್ಣು ತಪ್ಪಿಸಲಿ ಎಂದೂ ಹಾಗೆ ಆರಿಸಿದ್ದಾರೆ. ಮಂಚಿಕೇರಿಯ ಅಜ್ಜಿಗೂ ವಿಶ್ವವಿದ್ಯಾಲಯಕ್ಕೂ ಈ ವಿಷಯದಲ್ಲಿ ಒಂದೇ ಅಭಿಪ್ರಾಯ.

ಇವುಗಳಲ್ಲಿ ಒಂದು ಕೊರತೆ ಇದೆ, ಮಾರುವವರು ಹೇಳುವುದಿಲ್ಲ. ಇವು ಬಹುಮಟ್ಟಿಗೆ ಕಾವಿಗೆ ಕೂರುವುದಿಲ್ಲ. ಬೇರೆ ಬೇರೆ ವಂಶಗಳನ್ನು ಕೂಡಿಸಿ ಮಾಡಿದ್ದರಿಂದ, ಅವುಗಳದೇ ಮರಿಗಳಲ್ಲಿ ಅದೇ ಗುಣ ಪೂರ್ತಿ ಉಳಿಯುವುದೂ ಇಲ್ಲ. ಹೊಸ ಕೋಳಿ ಬೇಕಾದಾಗ ಮತ್ತೆ ಮರಿ ಕೊಳ್ಳಬೇಕು. ಹೆಂಡತಿಗೆ ಇದೇ ಬೇಸರ. ‘ಅಂಗಳದಲ್ಲಿ ಮರಿ ಓಡದ ಮೇಲೆ ಕೋಳಿ ಯಾಕೆ ಸಾಕಬೇಕು?’ ಎಂದಳು. ಅವಳಿಗಾಗಿ ಒಂದು ನಾಟಿ ಹೇಂಟೆ ಎಂದು ಒಪ್ಪಂದವಾಯಿತು, ಅದರ ಒಂದು ರೆಕ್ಕೆಯ ಗರಿ ತುದಿ ಕತ್ತರಿಸಬೇಕೆಂಬ ಷರತ್ತಿನ ಮೇಲೆ. ಗರಿ ಕತ್ತರಿಸುವುದು ಉಗುರು ಕತ್ತರಿಸಿದ ಹಾಗೆ, ನೋವಿಲ್ಲ. ಆದರೆ ಹೊಸದಾಗಿ ಬರುತ್ತಿರುವ, ಒಳಗೆ ರಕ್ತವಿರುವ ಗರಿಗೆ ಕತ್ತರಿ ಹಾಕಬಾರದು.

ಮಳೆಯ ವಿಷಯಕ್ಕೆ ಬರುತ್ತೇನೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲಿ. ಬಯಲುಸೀಮೆಯಲ್ಲಿ ನಡೆಯುವ ಗೂಡು ಇಲ್ಲಿ ಜುಲೈ ದಾಟುವುದಿಲ್ಲ. ಕಾಲಿಗೆಲ್ಲ ಗರಿ ಇರುವ ಬ್ರಹ್ಮಾ ಎಂಬ ಅಲಂಕಾರದ ಕೋಳಿ ಈಗ ಪೇಟೆಗಳಲ್ಲಿ ಫ್ಯಾಶನ್ನು. ನಮ್ಮ ಕೆಸರಿನಲ್ಲಿ ಅದು ಒದ್ದೆ ಕಾಲುಚೀಲ ಹಾಕಿಕೊಂಡು ನಡೆದ ಹಾಗೆ. ನಾನು ಗೂಡನ್ನು ನೆಲದಿಂದ ಎರಡಡಿ ಎತ್ತರದಲ್ಲಿ ಕಟ್ಟಿಸಿದೆ. ಒಂದು ಕೋಳಿಗೆ ಎರಡು ಚದರಡಿಯ ಲೆಕ್ಕ. ಕೂರುವುದಕ್ಕೆ ಅಡಿಕೆ ದಬ್ಬೆ, ಸುತ್ತ ಅರ್ಧ ಇಂಚಿನ ಜಾಲರಿ. ಮುಂಗುಸಿಗೆ ದೊಡ್ಡ ಕಣ್ಣಿನ ಬಲೆ ಹೆಬ್ಬಾಗಿಲಿದ್ದ ಹಾಗೆ. ಮಳೆ ಬೀಸುವ ಪಶ್ಚಿಮದ ಕಡೆಗೆ ಸೋಗೆ ತಡಿಕೆ. ಕೆಳಗೆ ಒಣ ದರಕು, ವಾರಕ್ಕೊಮ್ಮೆ ಬದಲಿಸಿ ತೆಂಗಿನ ಬುಡಕ್ಕೆ. ಒದ್ದೆ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ಬರುತ್ತದೆ. ವಾಸನೆಯೂ ಒದ್ದೆಯಿಂದಲೇ ಹುಟ್ಟುತ್ತದೆ. ಒಣಗಿದ್ದರೆ ಎರಡೂ ಇಲ್ಲ, ಪಕ್ಕದ ಮನೆಯವರ ಎರಡನೇ ಮಾತಿಗೂ ಉತ್ತರ ಸಿಕ್ಕಿತು.

ಮರಿ ಕೊಳ್ಳುವಾಗ ಒಂದು ಪ್ರಸಂಗ. ಜಾತ್ರೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದ ಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುತ್ತಾರಲ್ಲ, ಮೊಮ್ಮಗಳಿಗೆ ಅವು ಬೇಕೆನಿಸಿತು. ಮೊಟ್ಟೆಗೆಂದೇ ಬೆಳೆಸುವ ತಳಿಯಲ್ಲೂ ಅರ್ಧ ಮರಿ ಗಂಡು. ಅವು ಮೊಟ್ಟೆಯಿಡುವುದಿಲ್ಲ, ಮಾಂಸ ತುಂಬುವುದೂ ನಿಧಾನ. ಹಾಗಾಗಿ ಯಾರಿಗೂ ಬೇಡವಾಗಿ ಹುಟ್ಟಿದ ದಿನವೇ ಬೇರೆಯಾಗುತ್ತವೆ. ಬಹುಪಾಲು ಅಲ್ಲೇ ಮುಗಿಯುತ್ತವೆ, ಕೆಲವು ಬಣ್ಣ ಬಳಿಸಿಕೊಂಡು ಬುಟ್ಟಿಗೆ ಬರುತ್ತವೆ. ಇದನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸಿದೆ, ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಮಾರನೆಯ ದಿನ, ‘ಗಂಡುಮರಿಯನ್ನೂ ಸಾಕುವ ಜಾತಿ ಯಾವುದು ಅಜ್ಜಾ?’ ಎಂದು ಕೇಳಿದಳು. ಎರಡಕ್ಕೂ ಬರುವ ಸ್ವರ್ಣಧಾರಾ, ವನರಾಜ, ಗಿರಿರಾಜದಲ್ಲಿ ಗಂಡನ್ನು ಎಸೆಯುವುದಿಲ್ಲ, ಮಾಂಸಕ್ಕೆ ಬೆಳೆಸುತ್ತಾರೆ ಎಂದೆ. ಅವಳಿಗೆ ಅದೂ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಇಲ್ಲ. ಆದರೆ ತಳಿಯ ಆಯ್ಕೆ ಅಲ್ಲಿಗೆ ನಿಂತಿತು.

ಮೂರು ಸ್ವರ್ಣಧಾರಾ, ಎರಡು ಗ್ರಾಮಪ್ರಿಯ, ಹೆಂಡತಿಯ ತವರಿನಿಂದ ಒಂದು ನಾಟಿ ಹೇಂಟೆ. ಒಂದು ದಿನದ ಮರಿ ತಂದರೆ ಮೂರು ನಾಲ್ಕು ವಾರ ಬಲ್ಬಿನ ಕಾವು ಕೊಡಬೇಕು, ನಮ್ಮ ಕರೆಂಟು ನಂಬಿ ಅದಾಗದು. ಎರಡು ತಿಂಗಳು ಸಾಕಿ ಲಸಿಕೆ ಹಾಕಿಸಿದ್ದನ್ನೇ ತಂದೆವು. ಆ ವಯಸ್ಸಿಗೆ ಹೇಂಟೆ ಯಾವುದು, ಹುಂಜ ಯಾವುದು ಎಂಬುದೂ ಜುಟ್ಟು ನೋಡಿದರೆ ತಿಳಿಯುತ್ತದೆ. ಲಸಿಕೆ ಎಂದರೆ ಮುಖ್ಯವಾಗಿ ಕೊಕ್ಕರೆ ರೋಗಕ್ಕೆ. ಪಶುವೈದ್ಯರು ರಾಣಿಖೇತ್ ರೋಗ ಎನ್ನುತ್ತಾರೆ, ಹಿಮಾಲಯದ ತಪ್ಪಲಿನ ಊರಿನ ಹೆಸರು. ಬಂದರೆ ಒಂದು ವಾರದಲ್ಲಿ ಕೇರಿಯ ಕೋಳಿಯೆಲ್ಲ ಖಾಲಿ. ನನ್ನ ತಾಯಿಯ ಕಾಲದಲ್ಲಿ ಅದು ದೇವರ ಕೋಪವಾಗಿತ್ತು. ಮೊದಲ ವಾರ ಕಣ್ಣಿಗೆ ಒಂದು ಹನಿ, ಎರಡು ತಿಂಗಳಿಗೆ ರೆಕ್ಕೆಯಡಿ ಒಂದು ಸೂಜಿ, ಇಷ್ಟಕ್ಕೇ ಅದು ತಡೆಯುತ್ತದೆ. ಲಸಿಕೆಯ ಶೀಶೆ ನೂರಾರು ಕೋಳಿಗೆ ಆಗುವಷ್ಟಿರುತ್ತದೆ. ಆರು ಕೋಳಿಗೆ ಒಡೆದರೆ ಉಳಿದದ್ದು ದಂಡ. ಪಶು ಆಸ್ಪತ್ರೆಯಲ್ಲಿ ಕೇಳಿ, ಅಕ್ಕಪಕ್ಕದ ಕೇರಿಯವರೆಲ್ಲ ಒಂದೇ ದಿನ ತರುವಂತೆ ಮಾಡಿಕೊಳ್ಳುವುದು ಲೇಸು.

ಐದೂವರೆ ತಿಂಗಳಿಗೆ ಮೊದಲ ಮೊಟ್ಟೆ ಬಂತು. ಕಂದು ಬಣ್ಣದ್ದು. ಮೊಮ್ಮಕ್ಕಳಿಬ್ಬರೂ ಅದನ್ನು ಓಣಿಯ ಆರು ಮನೆಗೆ ತೋರಿಸಿ ಬಂದರು, ತಿನ್ನುವ ಹೊತ್ತಿಗೆ ಬಿಸಿಯಾಗಿತ್ತು. ಚಿಪ್ಪಿನ ಬಣ್ಣಕ್ಕೂ ಸತ್ವಕ್ಕೂ ಸಂಬಂಧವಿಲ್ಲವೆಂದು ಇಲ್ಲೇ ಹೇಳಿಬಿಡುತ್ತೇನೆ. ಚಿಪ್ಪಿನ ಬಣ್ಣ ತಳಿಯದು, ಒಳಗಿನ ಹಳದಿಯ ಬಣ್ಣ ತಿಂದದ್ದರದು. ಕಂದು ಮೊಟ್ಟೆಗೆ ‘ನಾಟಿ’ ಎಂದು ದುಪ್ಪಟ್ಟು ಕೊಡುವವರು ಇದನ್ನು ನೆನಪಿಡಿ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಹಾಗಾಗಿ ಕೋಳಿ ದಿನದಿನಕ್ಕೂ ಸ್ವಲ್ಪ ತಡಮಾಡುತ್ತ, ಒಂದು ದಿನ ಪೂರ್ತಿ ತಪ್ಪಿಸಿ, ಮತ್ತೆ ಬೆಳಿಗ್ಗೆ ಶುರು ಮಾಡುತ್ತದೆ. ನಮ್ಮ ಕೊನೆಯ ಬಸ್ಸಿನ ಹಾಗೆಯೇ ಎಂದರೆ ಹಳೆಯ ಸಹೋದ್ಯೋಗಿಗಳು ಮುನಿಸಿಕೊಳ್ಳಬಾರದು. ಚಿಪ್ಪು ಗಟ್ಟಿಯಾಗಲು ಕುಮಟೆ ಕಡೆಯಿಂದ ತಂದ ಸಮುದ್ರದ ಚಿಪ್ಪಿಯ ಪುಡಿ, ತಿನ್ನಲು ಕೋಳಿ ಆಹಾರದ ಜೊತೆ ನುಚ್ಚು, ಸೊಪ್ಪು, ಮಕ್ಕಳು ಕಟ್ಟಿಗೆರಾಶಿಯಿಂದ ಹುಡುಕಿ ತರುವ ಒರಲೆ. ಕೋಳಿ ಮುಟ್ಟಿದ ಕೈ ಸೋಪಿನಲ್ಲಿ ತೊಳೆಯದೆ ಊಟದ ಹಾಳೆಗೆ ಕೈ ಹಾಕುವಂತಿಲ್ಲ ಎಂಬುದು ಸೊಸೆಯ ಕಾಯ್ದೆ.

ಇದೆಲ್ಲ ಸುಲಭದ ಭಾಗ. ತಳಿ ಆರಿಸುವಾಗ ಯಾರೂ ಕೇಳದ ಪ್ರಶ್ನೆ ಒಂದಿದೆ: ಮೊಟ್ಟೆ ನಿಂತ ಮೇಲೆ? ಎರಡು ವರ್ಷ ಚೆನ್ನಾಗಿಟ್ಟ ಕೋಳಿ ಆಮೇಲೆ ಕಡಿಮೆ ಮಾಡುತ್ತ ಬರುತ್ತದೆ. ಬದುಕುವುದು ಮಾತ್ರ ಇನ್ನೂ ಹಲವು ವರ್ಷ. ನಾನು ಹುಡುಗನಾಗಿದ್ದಾಗ ಅದು ಪ್ರಶ್ನೆಯೇ ಆಗಿರಲಿಲ್ಲ. ನೆಂಟರು ಬಂದ ದಿನ ಉತ್ತರ ಸಿಗುತ್ತಿತ್ತು. ನಾವು ಮಾಂಸ ತಿನ್ನುವವರೇ, ಸುಳ್ಳು ಹೇಳಲಾರೆ. ಆದರೆ ಮೊಮ್ಮಗಳು ಬಂದ ವಾರವೇ ಆರಕ್ಕೂ ಹೆಸರಿಟ್ಟಿದ್ದಳು. ಮೂರನೇ ಮಳೆಗಾಲದಲ್ಲಿ ಸ್ವರ್ಣಧಾರಾಗಳಲ್ಲಿ ದೊಡ್ಡದಾದ ಗಂಗೆ ವಾರಕ್ಕೊಂದು ಮೊಟ್ಟೆಗೆ ಇಳಿದಾಗ ಮಗ, ‘ಹಬ್ಬ ಹತ್ತಿರ ಬಂತು’ ಎಂದು ಅರ್ಧ ತಮಾಷೆಯಾಗಿ ಅಂದ. ಮೊಮ್ಮಗಳು ಊಟ ಬಿಟ್ಟೆದ್ದಳು.

ನಾನು ಲೆಕ್ಕ ಹಾಕಿದೆ. ದಿನಕ್ಕೆ 110 ಗ್ರಾಂ ಎಂದರೆ ವರ್ಷಕ್ಕೆ 40 ಕಿಲೋ. ಐದು ವರ್ಷ ಬದುಕಿದರೆ ಎರಡು ಕ್ವಿಂಟಾಲ್. ಜೋರಾಗಿಯೇ ಓದಿದೆ. ಹೆಂಡತಿ ಕೊತ್ತಂಬರಿ ಬಿಡಿಸುತ್ತ ಕೂತಿದ್ದಳು. ತಲೆಯೆತ್ತದೆ, ‘ನಿಮಗೂ ತಿಂಗಳಿಗಿಷ್ಟು ಅಂತ ಪಿಂಚಣಿ ಬರ್ತದೆ. ನೀವು ಮೊಟ್ಟೆ ಇಡ್ತ್ರಾ?’ ಎಂದಳು. ನಮ್ಮ ಪಿಂಚಣಿ ಎಷ್ಟೆಂದು ಬಲ್ಲವರು ಬಲ್ಲರು, ಗಂಗೆಯ ಕಾಳಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೂ ಮಾತು ಅಲ್ಲಿಗೆ ಮುಗಿಯಿತು. ಮಗನೇ ಹೋಗಿ ಮಗಳನ್ನು ಊಟಕ್ಕೆ ಕರೆತಂದ.

ಮನೆಯ ಕಾಯ್ದೆ ಹೀಗಾಗಿದೆ: ಹೆಸರಿಟ್ಟರೆ ಕೊಯ್ಯುವಂತಿಲ್ಲ, ಕೊಯ್ಯುವುದಾದರೆ ಹೆಸರಿಡುವಂತಿಲ್ಲ. ಆರಕ್ಕಿಂತ ಹೆಚ್ಚಿಗೆ ಜಾಗವಿಲ್ಲವಾದ್ದರಿಂದ, ಒಂದು ಮುದಿ ಕೋಳಿ ಇದ್ದಷ್ಟು ಕಾಲ ಒಂದು ಮೊಟ್ಟೆಯ ಕೋಳಿ ಕಡಿಮೆ. ಈ ವರ್ಷ ದಿನಕ್ಕೆ ಮೂರರ ಬದಲು ಎರಡು ಮೊಟ್ಟೆ. ಒಂದನ್ನು ಮಕ್ಕಳಿಬ್ಬರು ಹಂಚಿಕೊಳ್ಳುತ್ತಾರೆ, ಇನ್ನೊಂದರ ಮೇಲೆ ನಾನೂ ಮಗನೂ ಸರದಿಯಲ್ಲಿದ್ದೇವೆ. ಹೊಸದಾಗಿ ಕೋಳಿ ಸಾಕುವ ಅಜ್ಜ ಅಜ್ಜಿಯರಿಗೆ ನನ್ನ ಸಲಹೆ, ಆರೂ ಕೋಳಿಯನ್ನು ಒಂದೇ ವರ್ಷ ತರಬೇಡಿ. ವರ್ಷಕ್ಕೆ ಎರಡರಂತೆ ತನ್ನಿ. ಆಗ ಎಲ್ಲವೂ ಒಟ್ಟಿಗೆ ನಿವೃತ್ತಿಯಾಗುವುದಿಲ್ಲ.

ಇಷ್ಟರ ನಡುವೆ ನಾಟಿ ಹೇಂಟೆ ಚುಕ್ಕಿ ಮತ್ತೆ ಕಾವಿಗೆ ಕೂತಿತು. ವರ್ಷಕ್ಕೆ ಮೂರು ಬಾರಿ ಅದಕ್ಕೆ ಆ ಹುಚ್ಚು. ಹುಂಜವಿಲ್ಲದ ಹಿತ್ತಲಲ್ಲಿ ಬರಿ ಮೊಟ್ಟೆಯ ಮೇಲೆ ಕೂತು ಕೂತು ಎದ್ದು ಬರುವುದನ್ನು ನೋಡಿ ಹೆಂಡತಿಗೆ ಸಂಕಟ. ಈ ಸಲ ಅವಳೇ ಸಿದ್ದಾಪುರಕ್ಕೆ ಹೋಗಿ, ಹುಂಜವಿರುವ ತವರಿನಿಂದ ಒಂಬತ್ತು ಮೊಟ್ಟೆ ಉಮಿ ತುಂಬಿದ ಡಬ್ಬಿಯಲ್ಲಿಟ್ಟು, ಮಡಿಲಲ್ಲಿ ಹಿಡಿದು ಬಸ್ಸಿನಲ್ಲಿ ತಂದಳು. ಮೊಟ್ಟೆಗೆ ಟಿಕೆಟ್ ಇಲ್ಲ. ರಾತ್ರಿ ದೀಪ ಆರಿಸಿ, ಚುಕ್ಕಿಯ ಕೆಳಗಿನ ಬರಿ ಮೊಟ್ಟೆ ತೆಗೆದು ಇವನ್ನು ಸರಿಸಿದೆವು. ಮೊಮ್ಮಗಳು ಕ್ಯಾಲೆಂಡರಿನಲ್ಲಿ 21 ಮನೆ ಎಣಿಸಿ ಗೆರೆ ಎಳೆದಳು. ಏಳನೆಯ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಾಗ ಎಂಟರಲ್ಲಿ ಜೇಡರಬಲೆಯಂತೆ ಕೆಂಪು ನರ ಕಂಡಿತು. ಒಂದು ಮಾತ್ರ ತಿಳಿ.

ಎಂಟರಲ್ಲಿ ಏಳು ಮರಿಯಾದವು. ಗಂಗೆಯೂ ಹತ್ತಿರ ಬಂದು ಕತ್ತು ಓರೆ ಮಾಡಿ ನೋಡಿತು, ಚುಕ್ಕಿ ಗರಿ ಕೆದರಿ ಓಡಿಸಿತು. ಬೆಳಿಗ್ಗೆ ಹಲ್ಲುಜ್ಜುತ್ತ ಗೋಡೆಯ ಬಳಿ ಬಂದ ಪಕ್ಕದ ಮನೆಯ ಹಿರಿಯರು ಬಹಳ ಹೊತ್ತು ನಿಂತು ಮರಿಗಳನ್ನು ನೋಡಿದರು. ಅವರ ಮೊಮ್ಮಗ ಗೋಡೆ ಹತ್ತಿ ಕೂತಿದ್ದ.

‘ಚಂದ ಇದ್ದು’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಕಂಡಕ್ಟರ್ರೇ, ಇದ್ರಲ್ಲಿ ಹುಂಜ ಎಷ್ಟು?’

ಇನ್ನೂ ಎರಡು ತಿಂಗಳು ಹೋಗದೆ ತಿಳಿಯುವುದಿಲ್ಲ ಎಂದೆ. ಮೊಮ್ಮಗಳು ಆಗಲೇ ನಾಲ್ಕಕ್ಕೆ ಹೆಸರಿಟ್ಟಾಗಿತ್ತು.